ಹಾಲಿನ ಕ್ಯಾನಿಗೆ ಕರೆಂಟಿನ ಗಾಡಿ: ಕೊಳ್ಳುವ ಮುಂಚೆ ಕೊಟ್ಟಿಗೆಯ ಪ್ಲಗ್ ನೋಡಿ

ನಮ್ಮ ಸಂಘದಲ್ಲಿ ಹಾಲು ತೆಗೆದುಕೊಳ್ಳುವುದು ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ. ಪೇಟೆ ಕಡೆಯವರಿಗೆ ಇದು ಧಾರಾಳ ಹೊತ್ತು ಅನ್ನಿಸಬಹುದು. ಸಿದ್ದಾಪುರ, ಶಿರಸಿ, ಯಲ್ಲಾಪುರದ ಒಂಟಿಮನೆಗಳಲ್ಲಿ ಇರುವ ನಿಮಗೆ ಗೊತ್ತು, ಅದು ಎಷ್ಟು ಕಡಿಮೆ ಎಂದು. ಎರಡು ಆಕಳು ಕರೆದು, ಕರುವಿಗೆ ಬಿಟ್ಟು, ಮಕ್ಕಳ ಡಬ್ಬಿ ಕಟ್ಟಿ, ಕ್ಯಾನು ಹಿಡಿದು ತೋಟದ ದಾರಿ ಹತ್ತಿ ರಸ್ತೆಗೆ ಬರುವಷ್ಟರಲ್ಲಿ ಏಳೂಮುಕ್ಕಾಲು. ಗಂಡನೋ ಮಗನೋ ಬೈಕು ತೆಗೆದರೆ ಸರಿ, ಇಲ್ಲವಾದರೆ ನಡಿಗೆ. ಬೇಸಿಗೆಯಲ್ಲಿ ತಡವಾದ ಹಾಲು ಹುಳಿಯಾಗಿ ವಾಪಸ್ ಬಂದ ದಿನ ಯಾರಿಗೆ ಇಲ್ಲ?

ಹಾಗಾಗಿ ಕಳೆದ ಎರಡು ಮೂರು ವರ್ಷಗಳಿಂದ ಡೈರಿಯ ಮುಂದೆ ಸದ್ದಿಲ್ಲದ ಗಾಡಿಗಳು ಒಂದೊಂದೇ ಬಂದು ನಿಲ್ಲುತ್ತಿರುವುದನ್ನು ನೀವೂ ನೋಡಿರುತ್ತೀರಿ. ಗೇರಿಲ್ಲ, ಕಿಕ್ಕಿಲ್ಲ, ಕಾಲಿಡುವ ಜಾಗ ಸಪಾಟಾಗಿದ್ದು ಇಪ್ಪತ್ತು ಲೀಟರಿನ ಕ್ಯಾನು ಸರಿಯಾಗಿ ಕೂರುತ್ತದೆ. ನಾನೂ ಒಂದು ತೆಗೆದುಕೊಂಡೆ. ಪಶ್ಚಾತ್ತಾಪವಿಲ್ಲ. ಆದರೆ ಕೊಳ್ಳುವಾಗ ನನಗೆ ಯಾರೂ ಹೇಳದ ಕೆಲವು ಸಂಗತಿಗಳಿವೆ. ಅವನ್ನು ನಿಮಗೆ ಹೇಳಿಬಿಡುತ್ತೇನೆ. ಒಂದು ಲಕ್ಷ ರೂಪಾಯಿ ಅಂದರೆ ಹಾಲಿನ ದುಡ್ಡಿನಲ್ಲಿ ಅದೆಷ್ಟು ಬಟವಾಡೆ ಆಗುತ್ತದೆ, ನೀವೇ ಲೆಕ್ಕ ಹಾಕಿ.

ಮೊದಲು ಲೆಕ್ಕವನ್ನೇ ನೋಡೋಣ. ನಿಮ್ಮ ಮನೆಯಿಂದ ಡೈರಿಗೆ 3 ಕಿ.ಮೀ. ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಸಂಜೆ ಹೋಗಿ ಬಂದರೆ ದಿನಕ್ಕೆ 12, ತಿಂಗಳಿಗೆ 360 ಕಿ.ಮೀ. ವಾರಕ್ಕೊಮ್ಮೆ ಹಿಂಡಿ ತರಲು, ಸಂತೆಗೆ ಎಂದು ಪೇಟೆಗೆ ಹೋದದ್ದು 200. ಒಟ್ಟು 560 ಕಿ.ಮೀ. ನಮ್ಮ ಏರು ರಸ್ತೆಯಲ್ಲಿ ಪೆಟ್ರೋಲ್ ಸ್ಕೂಟರು ಲೀಟರಿಗೆ 45 ಕಿ.ಮೀ. ಕೊಟ್ಟರೆ ಹನ್ನೆರಡೂವರೆ ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ 1,280 ರೂಪಾಯಿ ಆಯಿತು. 3 ಕಿಲೋವ್ಯಾಟ್-ಅವರ್ ಬ್ಯಾಟರಿಯ ಸ್ಕೂಟರನ್ನು ಸೊನ್ನೆಯಿಂದ ತುಂಬಿಸಲು ಗೋಡೆಯ ಪ್ಲಗ್ಗಿನಿಂದ ಸುಮಾರು ಮೂರೂವರೆ ಯೂನಿಟ್ ಎಳೆಯುತ್ತದೆ. ಕಂಪನಿಯ ಕಾಗದದಲ್ಲಿ ನೂರು ಕಿ.ಮೀ. ಚಿಲ್ಲರೆ ಬರೆದಿರುತ್ತಾರೆ, ಅದನ್ನು ನಂಬಬೇಡಿ. ಕ್ಯಾನು ಇಟ್ಟುಕೊಂಡು, ಒಬ್ಬರನ್ನು ಕೂರಿಸಿಕೊಂಡು, ಏರು ಹತ್ತಿದರೆ 70ರಿಂದ 75 ಸಿಗುತ್ತದೆ. ಆ ಪ್ರಕಾರ 560 ಕಿ.ಮೀ.ಗೆ 26 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 156 ರೂಪಾಯಿ. ತಿಂಗಳಿಗೆ ಸಾವಿರದ ನೂರು ಉಳಿಯಿತು, ವರ್ಷಕ್ಕೆ ಹದಿಮೂರು ಸಾವಿರದ ಮೇಲೆ.

ಆದರೆ ಡೈರಿ ನಿಮ್ಮ ಮನೆಯಿಂದ ಒಂದೂವರೆ ಕಿ.ಮೀ. ಇದ್ದು, ಪೇಟೆಗೆ ಬಸ್ಸಿನಲ್ಲೇ ಹೋಗುವವರಾದರೆ ಲೆಕ್ಕ ಬೇರೆ. ತಿಂಗಳಿಗೆ 180 ಕಿ.ಮೀ. ಓಡಿಸಿದರೆ ಉಳಿಯುವುದು 360 ರೂಪಾಯಿ ಮಾತ್ರ. ಮನೆಯಲ್ಲಿ ಓಡುವ ಪೆಟ್ರೋಲ್ ಗಾಡಿ ಇದ್ದರೆ ಅದನ್ನು ಮಾರಿ ಹೊಸದಕ್ಕೆ ಸಾಲ ಮಾಡುವ ಅವಸರ ಬೇಡ. ಹೆಚ್ಚು ಓಡಿಸುವವರಿಗೇ ಇದು ಲಾಭ.

ಗೃಹಜ್ಯೋತಿಯ ಮಾತೂ ಇದೆ. ಕರೆಂಟು ಹೇಗೂ ಫ್ರೀ, ಗಾಡಿಯೂ ಫ್ರೀ ಓಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಹಾಗಿಲ್ಲ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10 ಮಾತ್ರ ಉಚಿತ. ನಿಮ್ಮ ಸರಾಸರಿ 60 ಯೂನಿಟ್ ಆಗಿದ್ದರೆ 66ರವರೆಗೆ ಸೊನ್ನೆ ಬಿಲ್ಲು. ಸ್ಕೂಟರಿನ 26 ಸೇರಿ 86 ಆದರೆ ಮೇಲಿನ 20 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಇದು ದೊಡ್ಡದಲ್ಲ. ತೊಂದರೆ ಇರುವುದು 200ರ ಗೆರೆಯ ಹತ್ತಿರ ಇರುವವರಿಗೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಫ್ರಿಜ್ಜು ಎಲ್ಲ ಮನೆ ಮೀಟರಿನಲ್ಲೇ ಇದ್ದು ತಿಂಗಳಿಗೆ 180 ಯೂನಿಟ್ ಸುಡುವ ಮನೆಯಲ್ಲಿ ಸ್ಕೂಟರು ಬಂದರೆ 206 ಆಗುತ್ತದೆ. ಗೆರೆ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ, ಸಾವಿರದ ಮೇಲೆ. ಹಿಂದಿನ ಒಂದು ವರ್ಷದ ಹೆಸ್ಕಾಂ ಬಿಲ್ಲುಗಳನ್ನು ತೆಗೆದು ನೋಡಿ, ಆಮೇಲೆ ಶೋರೂಮಿಗೆ ಹೋಗಿ. ತೋಟದ ಪಂಪ್‌ಸೆಟ್ಟಿನ ಲೈನಿನಿಂದ ಚಾರ್ಜ್ ಮಾಡುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಆ ಉಚಿತ ಕರೆಂಟು ನೀರಾವರಿಗೆ ಮಾತ್ರ. ಸಿಕ್ಕಿಬಿದ್ದರೆ ದಂಡ.

ಇನ್ನು ಕೊಟ್ಟಿಗೆಯ ವಿಷಯ. ಇದನ್ನು ನಿಧಾನವಾಗಿ ಓದಿ.

ಗಾಡಿ ತಂದು ಬಿಟ್ಟ ಹುಡುಗನಿಗೆ ಎಲ್ಲಿ ಚಾರ್ಜಿಗೆ ಹಾಕಲಿ ಎಂದು ಕೇಳಿದೆ. "ಯಾವ ಸಾಕೆಟ್ಟಾದರೂ ನಡೀತದೆ ಅಕ್ಕಾ, ಮೊಬೈಲ್ ಹಾಕಿದ ಹಾಗೆ" ಅಂದ. ಮಳೆಗಾಲ. ಗಾಡಿ ನಿಲ್ಲಿಸಲು ಮಾಡು ಇದ್ದದ್ದು ಕೊಟ್ಟಿಗೆಯ ಕಡೆಗೆ. ಅಲ್ಲಿ ಬಲ್ಬಿಗೆಂದು ಹತ್ತು ಹದಿನೈದು ವರ್ಷದ ಹಿಂದೆ ಹಾಕಿಸಿದ ಬೋರ್ಡಿನಲ್ಲಿ ಒಂದು ಸಣ್ಣ ಸಾಕೆಟ್ಟಿತ್ತು. ಅದಕ್ಕೇ ಹಾಕಿದೆ. ಮೂರು ವಾರ ಏನೂ ಆಗಲಿಲ್ಲ. ಒಂದು ಸಂಜೆ ನಮ್ಮ ಎಚ್‌ಎಫ್ ಆಕಳು ಬಾನಿಗೆ ಮೂತಿ ಇಟ್ಟವಳು ಹಾರಿ ಹಿಂದೆ ಸರಿದಳು. ಮತ್ತೆ ಕರೆದರೂ ನೀರಿಗೆ ಬರಲಿಲ್ಲ. ಹಾಲು ಇಳಿಸಲಿಲ್ಲ. ಹಲ್ಲಿಗೋ ಬಾಯಿಗೋ ಏನೋ ಆಗಿದೆ ಎಂದು ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದೆ. ಆಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮೇನ್ ಸ್ವಿಚ್ ತೆಗೆದು ಬ್ಯಾಟರಿ ಹಚ್ಚಿ ನೋಡಿದರೆ ಸಾಕೆಟ್ಟು ಕರಗಿ ಕಪ್ಪಾಗಿತ್ತು. ಗೋಡೆಯೊಳಗೆ ಜೋಡಿಸಿದ ತಂತಿಯ ಹೊದಿಕೆ ಬಿಸಿಗೆ ಕರಗಿ, ಪಕ್ಕದ ಕಬ್ಬಿಣದ ನೀರಿನ ಪೈಪಿಗೆ ತಾಗಿಕೊಂಡಿತ್ತು. ಅರ್ಥಿಂಗ್ ಕೇಳಬೇಡಿ, ಆ ಬೋರ್ಡಿಗೆ ಅರ್ಥ್ ತಂತಿಯನ್ನೇ ಎಳೆದಿರಲಿಲ್ಲ. ಬಾನಿಯ ನೀರಿನಲ್ಲಿ ಕರೆಂಟಿತ್ತು. ನಾನು ಬರಿಗಾಲಲ್ಲಿ ಆ ನಲ್ಲಿ ಮುಟ್ಟಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ಆಕಳಿಗೆ ನಮಗಿಂತ ಬೇಗ ಶಾಕ್ ಹೊಡೆಯುತ್ತದೆ. ನಾಲ್ಕು ಕಾಲೂ ಗಂಜಲದ ಒದ್ದೆ ನೆಲದ ಮೇಲೆ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಮಾರುದ್ದ ಅಂತರ. ಕರೆಂಟು ಆ ಕಾಲಿನಿಂದ ಹತ್ತಿ ಎದೆಯ ಮೂಲಕ ಈ ಕಾಲಿಗೆ ಇಳಿಯುತ್ತದೆ. ನಮಗೆ ಜುಂ ಎನ್ನುವಷ್ಟು ಕರೆಂಟು ಆಕಳನ್ನು ಕೆಡವಬಹುದು. ಕೆಡವದಷ್ಟು ಸಣ್ಣ ಸೋರಿಕೆಯಾದರೂ ಅದು ನೀರು ಬಿಡುತ್ತದೆ, ಹಾಲು ಏರಿಸಿಕೊಳ್ಳುತ್ತದೆ. ಕಾರಣ ಗೊತ್ತಾಗದೆ ಹಾಲು ಕಡಿಮೆಯಾದರೆ ಔಷಧಕ್ಕೆ ಓಡುವ ಮುಂಚೆ ಒಮ್ಮೆ ಕೊಟ್ಟಿಗೆಯ ವೈರಿಂಗ್ ತೋರಿಸಿ. ಸ್ಕೂಟರು ಇಲ್ಲದವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಹೇಗೆ ಮಾಡಿಸಬೇಕು? ಚಾರ್ಜಿಂಗ್ ಜಾಗ ಕೊಟ್ಟಿಗೆಯಲ್ಲಿ ಬೇಡವೇ ಬೇಡ. ಗಂಜಲದ ಗಾಳಿಗೆ ತಾಮ್ರದ ತುದಿಗಳು ಹಸಿರು ಹಿಡಿಯುತ್ತವೆ, ಸಂಪರ್ಕ ಸಡಿಲವಾಗಿ ಬಿಸಿಯಾಗುತ್ತದೆ. ಮೇಲಿನ ಅಟ್ಟದಲ್ಲಿ ಹುಲ್ಲು, ಕರಡ, ಪಕ್ಕದಲ್ಲಿ ದರಕಿನ ರಾಶಿ ಇದ್ದರಂತೂ ಕೇಳುವುದೇ ಬೇಡ. ಜಗಲಿಯ ಗೋಡೆಗೆ, ಇರಚಲು ಹೊಡೆಯದ ಕಡೆ, ಮೇನ್ ಬೋರ್ಡಿನಿಂದ ನೇರವಾಗಿ ಬೇರೆ ತಂತಿ ಎಳೆಸಿ 16 ಆಂಪಿಯರ್‌ನ ದಪ್ಪ ಸಾಕೆಟ್ ಹಾಕಿಸಿ. ಮಧ್ಯೆ ಜೋಡಣೆ ಇರಬಾರದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂದು ಕೇಳಿ ಹಾಕಿಸಿಕೊಳ್ಳಿ. ಕರೆಂಟು ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನನ್ನು ಕಡಿದುಬಿಡುತ್ತದೆ. ನಮ್ಮಲ್ಲಿ ನೆಲ ಚಿರೆಕಲ್ಲು. ಮಾರ್ಚ್, ಏಪ್ರಿಲ್‌ನಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ವಾರಕ್ಕೊಮ್ಮೆ ಒಂದು ಕೊಡ ನೀರು ಹೊಯ್ಯಿರಿ. ಇದಕ್ಕೆಲ್ಲ ತಗಲುವ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಗಾಡಿ ಆಯ್ಕೆಯ ಬಗ್ಗೆ ಹೆಚ್ಚು ಹೇಳಲಾರೆ, ಎಲ್ಲ ಕಂಪನಿಯದನ್ನೂ ನಾನು ಓಡಿಸಿಲ್ಲ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟಿನ, ಲೈಸೆನ್ಸು ರಿಜಿಸ್ಟ್ರೇಷನ್ ಬೇಡದ ಅಗ್ಗದ ಗಾಡಿ ನಮ್ಮ ಏರಿಗೆ ಆಗುವುದಿಲ್ಲ, ಕ್ಯಾನು ಇಟ್ಟರೆ ಅರ್ಧ ಏರಿನಲ್ಲಿ ಉಸಿರು ಬಿಡುತ್ತದೆ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಸುದ್ದಿ ನಿಮಗೆ ನೆನಪಿರಬಹುದು. ಅದಾದ ಮೇಲೆ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮ ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿ ಮಾಡಿತು. ಅದಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿ ಅಗ್ಗಕ್ಕೆ ಬಂದರೂ ಬಿಡಿ. ಬ್ಯಾಟರಿ ಖಾತರಿ ಸಾಮಾನ್ಯವಾಗಿ 3 ವರ್ಷ, ಕೆಲವು ಕಂಪನಿಗಳು 8 ವರ್ಷ ಅಥವಾ 80,000 ಕಿ.ಮೀ.ವರೆಗೂ ಕೊಡುತ್ತವೆ. ಬ್ಯಾಟರಿಯೇ ಗಾಡಿಯ ಅರ್ಧ ಬೆಲೆ, ಆದ್ದರಿಂದ ಈ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ. ಕೇಂದ್ರದ ಸಹಾಯಧನ ಇಳಿಯುತ್ತಲೇ ಬಂದಿದೆ. 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 15,000 ಇದ್ದದ್ದು 2023ರ ಜೂನ್‌ನಲ್ಲಿ 10,000, 2024ರ ಏಪ್ರಿಲ್‌ನಲ್ಲಿ 5,000, ಮರುವರ್ಷ 2,500 ಆಯಿತು. "ಸಬ್ಸಿಡಿ ಮುಗಿಯುವುದರೊಳಗೆ ಬುಕ್ ಮಾಡಿ" ಎಂಬ ಒತ್ತಾಯಕ್ಕೆ ಈಗ ಅಷ್ಟು ಬೆಲೆಯಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ, ರಿಪೇರಿ ಯಾರು ಮಾಡುತ್ತಾರೆ ಎಂಬುದು. ಇಲ್ಲಿ ನಮ್ಮದೇ ಒಂದು ಹಳೆಯ ಅನುಭವ ನೆನಪಿಸಿಕೊಳ್ಳಿ. ಗೋಬರ್ ಗ್ಯಾಸ್ ದೇಶದ ಎಷ್ಟೋ ಕಡೆ ಕಟ್ಟಿದ ಎರಡು ವರ್ಷಕ್ಕೆ ಪಾಳು ಬಿತ್ತು. ಶಿರಸಿ ತಾಲೂಕಿನಲ್ಲಿ ಹಾಗಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಲ್ಲಿಯ ಹಳ್ಳಿಗಳನ್ನು ಸುತ್ತಿ 2001ರಲ್ಲಿ ಅಧ್ಯಯನ ಪ್ರಕಟಿಸಿದರು. ಅವರು ನೋಡಿದ ಹಳ್ಳಿಗಳಲ್ಲಿ ಕಟ್ಟಿದ ಸ್ಥಾವರಗಳೆಲ್ಲ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ನಮ್ಮ ಆಕಳುಗಳ ಸಗಣಿ ಬೇರೆಯವರದಕ್ಕಿಂತ ಮೇಲೇನಲ್ಲ. ಕಟ್ಟಿದವರು ಊರಿನ ಹತ್ತಿರದವರೇ ಆಗಿದ್ದರು, ಖಾತರಿ ಕೊಟ್ಟಿದ್ದರು, ಕರೆದರೆ ಬರುತ್ತಿದ್ದರು. ಕರೆಂಟಿನ ಗಾಡಿಗೂ ಅದೇ ಅಳತೆ. ನೀವು ಕೊಳ್ಳುವ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ತಾಲೂಕಿನಲ್ಲೋ ಶಿರಸಿಯಲ್ಲೋ ಇದೆಯೇ, ಅಲ್ಲಿ ಬಿಡಿಭಾಗ ಸಿಗುತ್ತದೆಯೇ ಎಂದು ಹೋಗಿ ಕಣ್ಣಾರೆ ನೋಡಿ. ಸುಮಾರು ನೂರು ಕಿ.ಮೀ. ದೂರದ ಹುಬ್ಬಳ್ಳಿಗೆ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಬೇಕಾದರೆ ಉಳಿಸಿದ ಪೆಟ್ರೋಲ್ ದುಡ್ಡು ಒಂದೇ ಬಾಡಿಗೆಗೆ ಹೋಗುತ್ತದೆ.

ಪರಿಸರದ ಮಾತಿಗೆ ಬರೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ಹನ್ನೆರಡೂವರೆ ಲೀಟರಿಗೆ ತಿಂಗಳಿಗೆ 29 ಕಿಲೋ. ಕರೆಂಟಿನ ಗಾಡಿ ಹೊಗೆ ಬಿಡದಿದ್ದರೂ ಕರೆಂಟು ಎಲ್ಲೋ ಹುಟ್ಟಬೇಕಲ್ಲ. ದೇಶದ ಸರಾಸರಿಯಂತೆ ಯೂನಿಟ್ಟಿಗೆ ಸುಮಾರು 0.72 ಕಿಲೋ, ಅಂದರೆ 26 ಯೂನಿಟ್ಟಿಗೆ 19 ಕಿಲೋ. ಮೂರನೇ ಒಂದು ಭಾಗ ಕಡಿಮೆಯಾಯಿತು ಅಷ್ಟೆ, ಪೂರ್ತಿ ಅಲ್ಲ. ನೀರು, ಗಾಳಿ, ಬಿಸಿಲಿನ ಕರೆಂಟು ಹೆಚ್ಚಿದಷ್ಟೂ ಈ ಲೆಕ್ಕ ಸುಧಾರಿಸುತ್ತದೆ. ಆದರೆ ನೀರಿನ ಕರೆಂಟಿನ ಬೆಲೆ ಏನೆಂದು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಕಾಳಿ ನದಿಗೆ ಒಂದರ ಕೆಳಗೊಂದು ಕಟ್ಟು, ಅದೇ ನದಿಯ ದಡದಲ್ಲಿ ಕೈಗಾದ 220 ಮೆಗಾವ್ಯಾಟಿನ ನಾಲ್ಕು ಅಣುಘಟಕ. ಈಚೆ ಶರಾವತಿಯಲ್ಲಿ ಜೋಗದ ಕರೆಂಟು 1948ರಿಂದ ಇದೆ, ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ವಿರೋಧ ನಡೆದಿದೆ. ಗಾಡಿಗಳೆಲ್ಲ ಕರೆಂಟಿಗೆ ಬದಲಾದರೆ ಕಾಡು ಉಳಿಯಿತು ಎಂದು ಸುಲಭವಾಗಿ ಹೇಳುವವರು ಒಮ್ಮೆ ಕೊಡಸಳ್ಳಿಗೆ ಹೋಗಿ ಬರಲಿ. (ನಮ್ಮ ಆಕಳುಗಳ ತೇಗಿನಲ್ಲಿ ಹೋಗುವ ಮಿಥೇನ್ ಲೆಕ್ಕ ಹಾಕಿದರೆ ಸ್ಕೂಟರಿನ ಹೊಗೆ ಅದರ ಮುಂದೆ ಏನೂ ಅಲ್ಲ. ಅದು ಇನ್ನೊಂದು ಸಂಚಿಕೆಗಿರಲಿ.)

ಬ್ಯಾಟರಿ ಸತ್ತ ಮೇಲೆ ಗುಜರಿಗೆ ಕೊಡುವುದು, ಹಳ್ಳಕ್ಕೆ ಎಸೆಯುವುದು ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು.

ಮಳೆಗಾಲದಲ್ಲಿ ನಾನು ಕಲಿತದ್ದಿಷ್ಟು. ಜೂನ್‌ನಿಂದ ಚಾರ್ಜನ್ನು ಅರ್ಧಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ, ಆದರೆ ಹಾಲು ದಿನಾ ಹೋಗಬೇಕು. ಅರ್ಧ ಚಾರ್ಜಿನಲ್ಲಿ ಮೂರು ದಿನದ ಡೈರಿ ಓಡಾಟ ಆಗುತ್ತದೆ. ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತು ಬಿಡುತ್ತೇನೆ. ಹಳ್ಳ ಏರಿದಾಗ ನೀರಿಗೆ ಇಳಿಸುವುದಿಲ್ಲ. ಗಾಡಿ ನೂರಿಪ್ಪತ್ತು ಕಿಲೋ ಭಾರ, ಇಳಿಜಾರಿನಲ್ಲಿ ನಿಲ್ಲಿಸಿದರೆ ಹಿಂದೆ ಎಳೆಯಲು ಬಹಳ ಕಷ್ಟ. ರಿವರ್ಸ್ ಇರುವುದನ್ನೇ ನೋಡಿಕೊಳ್ಳಿ.

ಕೊನೆಗೆ ಒಂದು ಕೋರಿಕೆ, ನಿಮ್ಮ ನಿಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಎತ್ತಬಹುದಾದದ್ದು. ಚಾರ್ಜಿಂಗ್ ಪಾಯಿಂಟ್ ಇಡಲು ಪರವಾನಗಿ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಹಾಲು ತಂಪು ಮಾಡುವ ಬಿಎಂಸಿ ಇರುವ ಸಂಘಗಳಲ್ಲಿ ತ್ರೀ ಫೇಸ್ ಕರೆಂಟೂ ಇದೆ, ಸರಿಯಾದ ಅರ್ಥಿಂಗೂ ಇದೆ. ಕಟ್ಟಡದ ಹೊರಗೋಡೆಗೆ ಬೇರೆ ಮೀಟರಿನ ಮೇಲೆ ಎರಡು ಸಾಕೆಟ್ ಹಾಕಿಸಿದರೆ, ನಾವು ಸಾಲಿನಲ್ಲಿ ನಿಂತು ಫ್ಯಾಟ್ ತೋರಿಸಿಕೊಳ್ಳುವ ಅರ್ಧ ಗಂಟೆಯಲ್ಲಿ ಎಂಟೊಂಬತ್ತು ಕಿ.ಮೀ.ಗೆ ಆಗುವಷ್ಟು ಚಾರ್ಜ್ ಆಗುತ್ತದೆ. ಮನೆಗೆ ಹೋಗಿ ಸಂಜೆ ಮತ್ತೆ ಬರಲು ಅಷ್ಟು ಸಾಕು. ಮನೆಯಲ್ಲಿ ಒಳ್ಳೆಯ ವೈರಿಂಗ್ ಇಲ್ಲದ ಅಕ್ಕಂದಿರಿಗೆ ಕೊಟ್ಟಿಗೆಯ ಸಾಕೆಟ್ಟಿನ ಹಂಗೂ ತಪ್ಪುತ್ತದೆ. ನಮ್ಮ ಸಂಘದಲ್ಲಿ ನಾನು ಈ ಸಲ ಕೇಳುವವಳಿದ್ದೇನೆ. ಕರಗಿದ ಆ ಹಳೆಯ ಬೋರ್ಡನ್ನು ಎಸೆಯದೆ ಇಟ್ಟುಕೊಂಡಿದ್ದೇನೆ, ಸಭೆಗೆ ತರುತ್ತೇನೆ.