ದೂರ ಹೆಚ್ಚು, ಹೊತ್ತು ಕಡಿಮೆ

ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಹೊರಟು ನಿಂತ ನಮ್ಮ ಸಂಘದ ಸೋದರಿಯರು ಟಿಕೆಟ್ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆ ಇದು. ನೇರ ಗೆರೆ ಎಳೆದರೆ ಸುಮಾರು 12,400 ಕಿ.ಮೀ. ಆದರೆ ವಿಮಾನಕ್ಕೂ ನೇರ ಗೆರೆಗೂ ಅಷ್ಟಕ್ಕಷ್ಟೇ.

ಗೋಡೆಯ ನಕಾಶೆಯನ್ನು ಮೊದಲು ಮರೆತುಬಿಡಿ. ಮಕ್ಕಳ ಹಳೆಯ ಗ್ಲೋಬು ಅಟ್ಟದ ಮೇಲಿದ್ದರೆ ಇಳಿಸಿ, ಹೂ ಕಟ್ಟುವ ದಾರವನ್ನು ಎರಡೂ ಊರುಗಳ ನಡುವೆ ಬಿಗಿಯಾಗಿ ಹಿಡಿಯಿರಿ. ದಾರ ಯೂರೋಪಿಗೂ ಹೋಗುವುದಿಲ್ಲ, ಜಪಾನಿಗೂ ಹೋಗುವುದಿಲ್ಲ. ಸೈಬೀರಿಯಾ ದಾಟಿ, ಉತ್ತರ ಧ್ರುವದ ಕಡೆಯ ಹಿಮಸಾಗರದ ಮೇಲೆ ಹಾಯುತ್ತದೆ. ದುಂಡು ಭೂಮಿಯ ಮೇಲೆ ಅದೇ ಹತ್ತಿರದ ದಾರಿ.

ಹಾಗಾದರೆ ಹತ್ತಿರದ ದಾರಿಯೇ ಬೇಗ ತಲುಪಿಸುವ ದಾರಿಯೇ? ಹಾಗೇನೂ ಇಲ್ಲ. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ಈ ನೇರ ವಿಮಾನವನ್ನು ಆರಂಭಿಸಿದಾಗ ಅದು ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು 13,900 ಕಿ.ಮೀ. ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ದಿಕ್ಕನ್ನೇ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹೊರಟಿತು. ದೂರ ಸುಮಾರು 15,300 ಕಿ.ಮೀ. ಅಂದರೆ ದೆಹಲಿಯಿಂದ ಮುಂಬಯಿಗೆ ರೈಲಿನಲ್ಲಿ ಹೋಗುವಷ್ಟು ಹೆಚ್ಚು. ಆದರೂ ತಲುಪಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲೇ!

ಇದು ಗಾಳಿಯ ಕೆಲಸ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ‘ಜೆಟ್ ಸ್ಟ್ರೀಮ್’ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಅದರ ವೇಗ ಗಂಟೆಗೆ ನೂರು, ಇನ್ನೂರು ಕಿ.ಮೀ.; ಚಳಿಗಾಲದಲ್ಲಿ ಇನ್ನೂ ಜೋರು. ವಿಮಾನದ ಸ್ವಂತ ವೇಗ ಗಂಟೆಗೆ ಸುಮಾರು 900 ಕಿ.ಮೀ. ಮೇಲಿನ 15,300ನ್ನು ಹದಿನಾಲ್ಕೂವರೆಯಿಂದ ಭಾಗಿಸಿ ನೋಡಿ, 1,050 ದಾಟುತ್ತದೆ. ಆ ಹೆಚ್ಚಿನ ನೂರೈವತ್ತು ಗಾಳಿಯ ಉಡುಗೊರೆ. ಹೋಗುವಾಗಲೂ ಪೂರ್ವಕ್ಕೆ, ಬರುವಾಗಲೂ ಪೂರ್ವಕ್ಕೇ ಹಾರಿದರೆ ಟಿಕೆಟ್ಟಿನ ದುಡ್ಡಿನಲ್ಲೇ ಭೂಪ್ರದಕ್ಷಿಣೆಯ ಪುಣ್ಯವೂ ಬಂತು.

ಗಾಳಿಯಷ್ಟೇ ಅಲ್ಲ, ಗಡಿಗಳೂ ದಾರಿ ಬದಲಿಸುತ್ತವೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಸುತ್ತು ಬಳಸಬೇಕಾಯಿತು. ಅಮೆರಿಕದ ಕೆಲವು ವಿಮಾನಗಳು ಇಂಧನಕ್ಕಾಗಿ ಯೂರೋಪಿನಲ್ಲಿ ಇಳಿದವು. ಹಾಗಾಗಿ ಕಳೆದ ವರ್ಷ ಹೋಗಿಬಂದ ಗೆಳತಿ ಹೇಳಿದ ಗಂಟೆಗಳನ್ನು ನಂಬಿ ಕೂರಬೇಡಿ.

ಇನ್ನು ಗಡಿಯಾರದ ಮಾತು. ನಮ್ಮ ವಯಸ್ಸಿನವರಿಗೆ ಮುಖ್ಯವಾದದ್ದು ಇದೇ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಮೇ ತಿಂಗಳ ಒಂದು ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹದಿನಾರು ಗಂಟೆ ಹಾರಿದಿರಿ ಎನ್ನಿ. ಇಳಿದಾಗ ಅಲ್ಲಿ ಅದೇ ಸೋಮವಾರ, ಬೆಳಿಗ್ಗೆ ಏಳೂವರೆ! ಗೋಡೆ ಗಡಿಯಾರ ಮೂರೂವರೆ ಗಂಟೆ ಕಳೆಯಿತು ಎನ್ನುತ್ತದೆ, ನಿಮ್ಮ ಹೊಟ್ಟೆ ಹದಿನಾರು ಎನ್ನುತ್ತದೆ. ಮಾತ್ರೆಯ ವಿಷಯದಲ್ಲಿ ಹೊಟ್ಟೆಯದೇ ಸರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ರಕ್ತದೊತ್ತಡದ ಮಾತ್ರೆ ನುಂಗುವವರು ಹೊರಡುವ ವೇಳೆ, ಹಾರಾಟದ ಗಂಟೆ ಎರಡನ್ನೂ ವೈದ್ಯರಿಗೆ ಮೊದಲೇ ತಿಳಿಸಿ, ಯಾವುದು ಎಷ್ಟು ಗಂಟೆಗೊಮ್ಮೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಔಷಧಿಯೂ ಚೀಟಿಯೂ ಕೈಚೀಲದಲ್ಲೇ ಇರಲಿ. ಉಪ್ಪಿನಕಾಯಿ, ಚಟ್ನಿಪುಡಿ ಬೇಕಾದರೆ ದೊಡ್ಡ ಪೆಟ್ಟಿಗೆಯಲ್ಲಿ ಹೋಗಲಿ.