ಖಾಲಿ ಲಾರಿಯ ಕುಣಿತ, ರೇಸ್ ಗಾಡಿಯ ಲೆಕ್ಕ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೋಗುವಾಗ ಮುಂದೊಂದು ಖಾಲಿ ಲಾರಿ ಸಿಕ್ಕರೆ ಅದರ ಹಿಂದಿನ ಗಾಲಿಗಳನ್ನು ನೋಡಿ. ಸಣ್ಣ ಉಬ್ಬು ಬಂದರೂ ಸಾಕು, ಗಾಲಿ ನೆಲ ಬಿಟ್ಟು ಏಳುತ್ತದೆ, ಡಾಲಾ ಧಡಧಡ ಬಡಿದುಕೊಳ್ಳುತ್ತದೆ. ಅದೇ ಲಾರಿ ತೊಗರಿ ಮೂಟೆ ಹೇರಿಕೊಂಡು ಮರಳಿ ಬಂದರೆ ಅದೇ ಉಬ್ಬಿನ ಮೇಲೆ ಮೆಲ್ಲಗೆ ತೂಗಿ ಮುಂದೆ ಸಾಗುತ್ತದೆ. ರಸ್ತೆ ಬದಲಾಗಿಲ್ಲ, ಕಮಾನು ಪಟ್ಟಿಯೂ ಬದಲಾಗಿಲ್ಲ. ಬದಲಾದದ್ದು ಭಾರವೊಂದೇ. ಇದು ಹೇಗೆಂದು ತಿಳಿದುಕೊಂಡರೆ, ಲಕ್ಷಗಟ್ಟಲೆ ಬೆಲೆಯ ರೇಸಿನ ಎಟಿವಿಯ ಸಸ್ಪೆನ್ಷನ್ ಅರ್ಧ ಅರ್ಥವಾದಂತೆ.

ಬಸವಕಲ್ಯಾಣದಲ್ಲಿ ಈ ಮಾತಿಗೆ ಕಿವಿಗೊಡುವವರು ಬಹಳ. ಇಲ್ಲಿನ ಕೆಎ-56 ನಂಬರಿನ ಲಾರಿಗಳು ದೇಶದ ಯಾವ ಮೂಲೆಯಲ್ಲಾದರೂ ಕಣ್ಣಿಗೆ ಬೀಳುತ್ತವೆ. ಹೆದ್ದಾರಿಯ ಮೇಲಿನ ಸಸ್ತಾಪುರ ಬಂಗ್ಲಾ ಸುತ್ತಿನ ಬದುಕು ಲಾರಿಯನ್ನೇ ನೆಚ್ಚಿಕೊಂಡದ್ದು. ಎಟಿವಿ ಇಲ್ಲಿ ಅಪರೂಪ. ಕಡಲತೀರದಲ್ಲೋ ರೆಸಾರ್ಟಿನಲ್ಲೋ ಬೈಕಿನ ಹಾಗೆ ಕಾಲು ಚಾಚಿ ಕುಳಿತು, ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಗಾಲಿಯ ಗಾಡಿ ನೋಡಿರುತ್ತೀರಲ್ಲ, ಅದು. ಅದರಲ್ಲೇ ಹಗುರವಾಗಿ, ತಗ್ಗಾಗಿ, ಜಿಗಿಯಲೆಂದೇ ಮಾಡಿದ್ದು ಸ್ಪೋರ್ಟ್ ಎಟಿವಿ.

ಮೊದಮೊದಲು ಈ ಗಾಡಿಗಳಿಗೆ ಸಸ್ಪೆನ್ಷನ್ನೇ ಇರಲಿಲ್ಲ. 1970ರಲ್ಲಿ ಹೋಂಡಾ ತಂದ ಮೂರು ಗಾಲಿಯ ಎಟಿಸಿ 90 ಗಾಡಿಗೆ ಕಡಿಮೆ ಗಾಳಿಯ ದಪ್ಪ ಬಲೂನ್ ಟೈರುಗಳೇ ಸ್ಪ್ರಿಂಗು, ಅವೇ ಎಲ್ಲ.  ಕಬ್ಬಿನ ಟ್ರೇಲರ್ ಎಳೆಯುವ ನಮ್ಮ ಟ್ರ್ಯಾಕ್ಟರಿನ ಹಿಂಗಾಲಿಗಳಿಗೆ ಇಂದಿಗೂ ಬಹುಮಟ್ಟಿಗೆ ಅದೇ ವ್ಯವಸ್ಥೆ. ಹೊಲದ ವೇಗಕ್ಕೆ ಅದು ಸಾಕು. ವೇಗ ಹೆಚ್ಚಿದರೆ ಕಷ್ಟ: ಟೈರು ಒತ್ತಡವನ್ನು ತಾಳಿಕೊಂಡು ಮರುಕ್ಷಣ ಗಾಡಿಯನ್ನು ಮೇಲಕ್ಕೆಸೆಯುತ್ತದೆ. ಮೂರು ಗಾಲಿಯ ಗಾಡಿಗಳು ಎಷ್ಟು ಜನರನ್ನು ಉರುಳಿಸಿದವೆಂದರೆ, 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟವೇ ನಿಂತಿತು. ನಾಲ್ಕು ಗಾಲಿ ಉಳಿಯಿತು. ಈಗಿನ ಯಮಾಹಾ ವೈಎಫ್‌ಝೆಡ್ 450 ಆರ್ ಎಂಬ ರೇಸ್ ಗಾಡಿಯ ಮುಂದಿನ ಗಾಲಿ ಸುಮಾರು 25 ಸೆಂ.ಮೀ., ಹಿಂದಿನದು ಸುಮಾರು 28 ಸೆಂ.ಮೀ. ಮೇಲೆ ಕೆಳಗೆ ಓಡಾಡಬಲ್ಲದು.

ಈಗ ಲಾರಿಯ ಲೆಕ್ಕ. ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಗ್ಗಿತೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಗಾಡಿ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಖಾಲಿ ಲಾರಿಯ ಪಟ್ಟಿ 2 ಸೆಂ.ಮೀ. ಕುಗ್ಗಿದೆ ಅಂದುಕೊಳ್ಳಿ: ಸೆಕೆಂಡಿಗೆ ಮೂರೂವರೆ ಸಲ. ಹೇರು ಬಿದ್ದು 8 ಸೆಂ.ಮೀ. ಕುಗ್ಗಿತೆನ್ನಿ: ಎರಡಕ್ಕಿಂತ ಕಡಿಮೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಕುಲುಕಾಟ ಮನುಷ್ಯನ ದೇಹಕ್ಕೆ ಅತ್ಯಂತ ತ್ರಾಸದ್ದು. ಖಾಲಿ ಲಾರಿ ಅದರ ಹೊಸ್ತಿಲಲ್ಲೇ ಇದೆ. ಡ್ರೈವರುಗಳ ಸೊಂಟನೋವಿಗೆ ಖಾಲಿ ಓಟವೂ ಒಂದು ಕಾರಣ ಎಂದರೆ ಯಾರೂ ಜಗಳಕ್ಕೆ ಬರಲಿಕ್ಕಿಲ್ಲ.

ಹೆಚ್ಚು ಮಾಲು ಹೇರಲೆಂದು ಪಟ್ಟಿ ಸೇರಿಸುವುದು ಗ್ಯಾರೇಜುಗಳ ಹಳೇ ಪದ್ಧತಿ. ಹತ್ತು ಪಟ್ಟಿಗೆ ಅಂಥವೇ ಎರಡು ಸೇರಿಸಿದರೆ ಬಿಗಿ ಶೇ. 20ರಷ್ಟು ಏರುತ್ತದೆ. ಆದರೆ ಸಂಖ್ಯೆ ಹಾಗೇ ಇಟ್ಟು 10 ಮಿ.ಮೀ. ದಪ್ಪದ ಪಟ್ಟಿಗಳ ಬದಲು 12 ಮಿ.ಮೀ. ಹಾಕಿದರೆ ಏರಿಕೆ ಶೇ. 73! ಪಟ್ಟಿಯ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಎಟಿವಿಯ ಸುರುಳಿ ಸ್ಪ್ರಿಂಗು ಇನ್ನೂ ಸೂಕ್ಷ್ಮ. ಅಲ್ಲಿ ತಂತಿಯ ದಪ್ಪದ ನಾಲ್ಕನೇ ಘಾತ ಲೆಕ್ಕಕ್ಕೆ ಬರುತ್ತದೆ; ತಂತಿ ಶೇ. 10 ದಪ್ಪವಾದರೆ ಬಿಗಿ ಶೇ. 46 ಏರುತ್ತದೆ. ಕಣ್ಣಂದಾಜಿನಲ್ಲಿ ಸ್ಪ್ರಿಂಗ್ ಬದಲಿಸುವವರು ಸೋಲುವುದು ಇಲ್ಲೇ.

ರೇಸಿನವರು ಆದ್ದರಿಂದ ಮೊದಲು ಹಿಡಿಯುವುದು ಅಳತೆ ಟೇಪು. ಗಾಲಿ ಜೋತುಬೀಳುವಂತೆ ಗಾಡಿಯನ್ನು ಎತ್ತಿ, ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡಿನವರೆಗೆ ಅಳೆಯುತ್ತಾರೆ. ಆಮೇಲೆ ಇಳಿಸಿ, ಓಡಿಸುವವನು ಹೆಲ್ಮೆಟ್, ಬೂಟು ಸಮೇತ ಹತ್ತಿ ಕುಳಿತ ಮೇಲೆ ಮತ್ತೆ ಅಳತೆ. ವ್ಯತ್ಯಾಸಕ್ಕೆ ಸ್ಯಾಗ್ ಎನ್ನುತ್ತಾರೆ. ಗಾಲಿಯ ಒಟ್ಟು ಓಡಾಟದ ಸುಮಾರು ಮೂರನೇ ಒಂದು ಭಾಗ ಇರಬೇಕೆಂಬುದು ರೂಢಿ: 25 ಸೆಂ.ಮೀ.ಗೆ 8. ಆ ಎಂಟು ಸೆಂಟಿಮೀಟರು ಗಾಲಿ ತಗ್ಗಿಗೆ ಇಳಿಯಲು ಇಟ್ಟ ಮೀಸಲು. ಅದಿಲ್ಲದಿದ್ದರೆ ಹೊಂಡ ಬಂದಾಗ ಗಾಲಿ ಗಾಳಿಯಲ್ಲಿ ತೇಲುತ್ತದೆ. ನೆಲ ಮುಟ್ಟದ ಗಾಲಿ ಗಾಡಿಯನ್ನು ತಿರುಗಿಸುವುದಿಲ್ಲ, ಹಿಡಿಯುವುದಿಲ್ಲ, ತಳ್ಳುವುದಿಲ್ಲ. ಶಾಕ್ ಅಬ್ಸಾರ್ಬರಿನ ಮೇಲಿನ ರಿಂಗ್ ತಿರುಗಿಸಿ ಸ್ಪ್ರಿಂಗು ಗಟ್ಟಿ ಮಾಡಿದೆ ಎನ್ನುವವರುಂಟು. ರಿಂಗ್ ಗಾಡಿಯ ಎತ್ತರವನ್ನಷ್ಟೇ ಬದಲಿಸುತ್ತದೆ, ಸ್ಪ್ರಿಂಗಿನ ಬಿಗಿಯನ್ನಲ್ಲ. ತೀರಾ ಹೆಚ್ಚು ತಿರುಗಿಸಬೇಕಾಗಿ ಬಂದರೆ ಆ ಸ್ಪ್ರಿಂಗು ಆ ಮನುಷ್ಯನ ತೂಕಕ್ಕೆ ಸಲ್ಲದು.

ಇಷ್ಟು ಅರ್ಧ. ಇನ್ನರ್ಧ ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಶಕ್ತಿಯನ್ನು ತುಂಬಿಟ್ಟುಕೊಳ್ಳುತ್ತದೆಯೇ ಹೊರತು ಕಳೆಯುವುದಿಲ್ಲ. ಲಾರಿಯಲ್ಲಿ ಪಟ್ಟಿಗಳು ಒಂದರ ಮೇಲೊಂದು ಉಜ್ಜಿ ಒಂದಿಷ್ಟು ಕಳೆಯುತ್ತವೆ. ಆದರೆ ಸಣ್ಣ ಉಬ್ಬಿಗೆ ಅದೇ ಘರ್ಷಣೆ ಪಟ್ಟಿಯನ್ನು ಮಿಸುಕಾಡಲು ಬಿಡುವುದಿಲ್ಲ, ಖಾಲಿ ಲಾರಿ ಇನ್ನಷ್ಟು ಕುಣಿಯುತ್ತದೆ. ಎಟಿವಿಯ ಶಾಕಿನೊಳಗೆ ಪಿಸ್ಟನ್ನು ಎಣ್ಣೆಯನ್ನು ಕಿರಿದಾದ ತೂತುಗಳಲ್ಲಿ ನುಗ್ಗಿಸುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಹೇಗೋ ಹಾಗೆ: ಜೋರಾಗಿ ಒತ್ತಿದಷ್ಟೂ ತಡೆ, ಜೊತೆಗೆ ಬಿಸಿ. ತೂತುಗಳ ಮೇಲೆ ತೆಳ್ಳಗಿನ ಉಕ್ಕಿನ ಬಿಲ್ಲೆಗಳ ಅಟ್ಟಿ ಇರುತ್ತದೆ. ಒತ್ತಡ ಹೆಚ್ಚಿದಂತೆ ಅವು ಬಾಗಿ ದಾರಿ ಬಿಡುತ್ತವೆ. ಯಾವ ಬಿಲ್ಲೆ ಎಷ್ಟು ದಪ್ಪ, ಯಾವ ಕ್ರಮ ಎಂಬುದರಲ್ಲೇ ಒಳ್ಳೆಯ ಟ್ಯೂನರಿನ ಕಸುಬು ಅಡಗಿದೆ. ಎಣ್ಣೆ ನೊರೆಯಾಗದಿರಲೆಂದು ಹಿಂದೆ ನೈಟ್ರೋಜನ್ ಅನಿಲದ ಒತ್ತಡ ಕೊಟ್ಟಿರುತ್ತಾರೆ. ದುಬಾರಿ ಶಾಕಿನ ಪಕ್ಕದಲ್ಲಿ ನೇತಾಡುವ ಇನ್ನೊಂದು ಡಬ್ಬಿ ಅಲಂಕಾರಕ್ಕಲ್ಲ. ಅನಿಲಕ್ಕೆ ಜಾಗ, ಎಣ್ಣೆ ತಣಿಯಲು ಅವಕಾಶ.

ಜಿಗಿದು ಎರಡು ಮೀಟರ್ ಎತ್ತರದಿಂದ ಬಿದ್ದ ಗಾಡಿ ಗಂಟೆಗೆ ಸುಮಾರು 22 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಕಾಲು ಮೀಟರಿನೊಳಗೆ ಅದನ್ನು ನಿಲ್ಲಿಸಬೇಕೆಂದರೆ ಗಾಡಿಯ ತೂಕದ ಒಂಬತ್ತು ಪಟ್ಟು ಬಲ ಬೇಕು. ರೇಸಿನವರು ಇಳಿಜಾರನ್ನೇ ಹುಡುಕಿ ಇಳಿಯುವುದು, ಮೊಣಕಾಲು ಮಡಿಸಿ ನಿಂತಿರುವುದು ಶೋಕಿಗಲ್ಲ.

ಅಪ್‌ಗ್ರೇಡ್ ಎಂದು ಗಾಲಿಯನ್ನು ಚಾಸಿಗೆ ಜೋಡಿಸುವ ತೋಳು, ಅಂದರೆ ಎ-ಆರ್ಮ್, ಉದ್ದನೆಯದು ಹಾಕಿಸುವುದೂ ಉಂಟು. ಗಾಡಿ ಅಗಲವಾಗುತ್ತದೆ, ತಿರುವಿನಲ್ಲಿ ಉರುಳುವ ಭಯ ತಗ್ಗುತ್ತದೆ. ಆದರೆ ಹಳೇ ಶಾಕನ್ನೇ ಉಳಿಸಿಕೊಂಡರೆ ಲಿವರಿನ ಲೆಕ್ಕ ಕೆಡುತ್ತದೆ. ಗಾಲಿ ಓಡಿದ ದೂರಕ್ಕೆ ಶಾಕು ಓಡುವ ದೂರದ ಪ್ರಮಾಣ ಶೇ. 10 ಇಳಿದರೆ, ಗಾಲಿಗೆ ಸಿಗುವ ಬಿಗಿ ಶೇ. 19 ಇಳಿಯುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಕೊಟ್ಟ ಹಣ ವ್ಯರ್ಥ.

ಭಾರದ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಮರಳುಗಾಡಿನಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ನೋಡಬೇಕು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯ, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. ಇಬ್ಬರೂ ಓಡಿಸಿದ್ದು ಬೈಕು. ಅಂಥ ಬೈಕು ಮೂವತ್ತಕ್ಕೂ ಹೆಚ್ಚು ಲೀಟರ್ ಪೆಟ್ರೋಲ್ ಹೊತ್ತು ಹೊರಡುತ್ತದೆ. ಟ್ಯಾಂಕು ಬರಿದಾಗುವಷ್ಟರಲ್ಲಿ ಇಪ್ಪತ್ತು ಕಿಲೋಗೂ ಮಿಕ್ಕಿ ಹಗುರ, ಸಸ್ಪೆನ್ಷನ್ ಮಾತ್ರ ಬೆಳಗಿನದೇ. ಖಾಲಿ ಲಾರಿಯ ಸಮಸ್ಯೆ ಮರಳುಗಾಡಿಗೂ ತಪ್ಪಿಲ್ಲ. ಕ್ವಾಡ್ ಎನ್ನುವ ನಾಲ್ಕು ಗಾಲಿಯ ಎಟಿವಿ‌ಗಳಿಗೆ ಡಕಾರಿನಲ್ಲಿ ಪ್ರತ್ಯೇಕ ವಿಭಾಗವೇ ಇತ್ತು, 2024ಕ್ಕೆ ಮುಗಿಯಿತು.

ನಮ್ಮ ಹುಡುಗರಿಗೆ ಎಟಿವಿ ಸಿಗುವ ದಾರಿ ಬೇರೆ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಚಾಸಿಯಿಂದ ಸಸ್ಪೆನ್ಷನ್‌ವರೆಗೆ ಗಾಡಿ ಕಟ್ಟಿ ಓಡಿಸುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ 2007ರಿಂದ ನಡೆಯುತ್ತ ಬಂದಿದೆ. ಬಸವಕಲ್ಯಾಣ, ಭಾಲ್ಕಿ, ಬೀದರ್ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಪರೀಕ್ಷೆಗೆ ನೆಲವೂ ಇಲ್ಲೇ ಇದೆ: ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಗಾಲಿ ನುಂಗುವ ಎರೆಮಣ್ಣು, ಪಕ್ಕದಲ್ಲೇ ಗಟ್ಟಿ ಕೆಂಪು ಜಂಬಿಟ್ಟಿಗೆ. ಒಂದೇ ಊರಿನಲ್ಲಿ ಎರಡು ಟ್ರ್ಯಾಕು. ಹೊರಗಿನಿಂದ ಶಾಕು ತರಿಸುವ ಮೊದಲು ಆ ವಿದ್ಯಾರ್ಥಿಗಳು ಹೆದ್ದಾರಿ ಬದಿಯ ಗ್ಯಾರೇಜಿಗೊಮ್ಮೆ ಹೋಗಲಿ. ಒಂದು ಲಾರಿಯ ಪಟ್ಟಿ ಖಾಲಿಯಿದ್ದಾಗ ಎಷ್ಟು ಕುಗ್ಗಿದೆ, ಹೇರಿದ ಮೇಲೆ ಎಷ್ಟು ಎಂದು ಅಳೆದು ಬರೆದುಕೊಂಡು, ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಲಿ.