ಮುಷ್ಕರದ ನೋಟೀಸು ಬಂದಾಗ: ಮಾಲೀಕ-ಕಾರ್ಮಿಕರ ಹಕ್ಕು ಮತ್ತು ಹೊಣೆ

ಸಣ್ಣ ಕೈಗಾರಿಕೆಯ ಮಾಲೀಕರಿಗೆ ತೆರಿಗೆ ಇಲಾಖೆಯ ನೋಟೀಸಿಗಿಂತಲೂ ಹೆಚ್ಚಿನ ಕಳವಳ ತರುವುದು ಕಾರ್ಮಿಕರಿಂದ ಬರುವ ಮುಷ್ಕರದ ನೋಟೀಸು. ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ, ಸರಬರಾಜಿನ ಗಡುವು ಕಾಯುವುದಿಲ್ಲ, ಒಮ್ಮೆ ಕೈತಪ್ಪಿದ ಗಿರಾಕಿ ಮರಳಿ ಬರುವ ಭರವಸೆಯೂ ಇರುವುದಿಲ್ಲ. ಅತ್ತ ನೋಟೀಸಿಗೆ ಸಹಿ ಹಾಕಿದ ಕಾರ್ಮಿಕರ ಮನೆಯಲ್ಲಿಯೂ ಆತಂಕ ಕಡಿಮೆಯೇನಲ್ಲ. ಕೆಲಸ ಹೋದೀತೆ, ಸಂಬಳ ಕಡಿತವಾದೀತೆ, ಪೊಲೀಸ್ ಮೊಕದ್ದಮೆ ಬಂದೀತೆ ಎಂಬ ಪ್ರಶ್ನೆಗಳು ಅವರನ್ನೂ ಕಾಡುತ್ತವೆ. ಕಾನೂನು ಕಾರ್ಮಿಕರಿಗೆ ಕೊಟ್ಟಿರುವ ಬಲ ಮಾಲೀಕರು ಹೆದರುವಷ್ಟು ದೊಡ್ಡದಲ್ಲ. ಮಾಲೀಕರಿಗೆ ಕೊಟ್ಟಿರುವ ಅಧಿಕಾರವೂ ಅವರು ಭಾವಿಸಿರುವಷ್ಟು ವಿಶಾಲವಲ್ಲ. ಈ ಎರಡೂ ಮಿತಿಗಳನ್ನು ಅರಿತಿರುವುದು ನಮ್ಮ ಸದಸ್ಯರಿಗೆ ಅಗತ್ಯ.

ಮುಷ್ಕರ ಹಕ್ಕೇ?

ಮದರಾಸಿನಲ್ಲಿ 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಕೆಲವೇ ವರ್ಷಗಳಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಆಡಳಿತವು, ಕೆಲಸದ ಕರಾರು ಮುರಿಯಲು ಕಾರ್ಮಿಕರನ್ನು ಪ್ರಚೋದಿಸಿದರೆಂದು ಯೂನಿಯನ್ ಮುಖಂಡ ಬಿ.ಪಿ. ವಾಡಿಯಾ ಅವರ ಮೇಲೆ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ಪಡೆಯಿತು. ಇಂತಹ ದಾವೆಗಳಿಂದ ನೋಂದಾಯಿತ ಸಂಘಗಳಿಗೆ ರಕ್ಷಣೆ ದೊರೆತದ್ದು 1926ರ ಕಾರ್ಮಿಕ ಸಂಘಗಳ ಕಾಯಿದೆಯಿಂದ.

ಆದರೆ ಮುಷ್ಕರವು ಮೂಲಭೂತ ಹಕ್ಕಲ್ಲ. ಸಂಘ ಕಟ್ಟುವ ಸಾಂವಿಧಾನಿಕ ಹಕ್ಕಿನಲ್ಲಿ ಮುಷ್ಕರ ಹೂಡುವ ಹಕ್ಕು ಅಡಕವಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ಬ್ಯಾಂಕ್ ನೌಕರರ ಪ್ರಕರಣದಲ್ಲಿ ತೀರ್ಪಿತ್ತಿತು. ಹೀಗಾಗಿ ಮುಷ್ಕರವು ಕಾಯಿದೆ ವಿಧಿಸಿದ ಷರತ್ತುಗಳೊಳಗೆ ಮಾತ್ರ ಬಳಸಬಹುದಾದ ಅಸ್ತ್ರ.

ಈಗಿನ ಷರತ್ತುಗಳು

1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಿಂದೆ ಮುಷ್ಕರಕ್ಕೆ ಮುನ್ನ ನೋಟೀಸು ಕೊಡಬೇಕೆಂಬ ಕಾಯಿದೆಯ ಕಟ್ಟುಪಾಡು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು. ಈಗ ಅದು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನಲವತ್ತು ಮಂದಿ ದುಡಿಯುವ ಕಾರ್ಖಾನೆಯೂ ಇದಕ್ಕೆ ಹೊರತಲ್ಲ.

ಅರವತ್ತು ದಿನ ಕಾದ ನಂತರವೇ ಮುಷ್ಕರ ಹೂಡಬಹುದೆಂಬ ತಿಳಿವಳಿಕೆ ಹಲವರಲ್ಲಿದೆ. ಇದು ಸರಿಯಲ್ಲ. ನೋಟೀಸು ಕೊಟ್ಟ 14 ದಿನಗಳೊಳಗೆ ಮುಷ್ಕರ ಹೂಡುವಂತಿಲ್ಲ. ಹೂಡುವುದಾದರೆ ನೋಟೀಸಿನಿಂದ 60 ದಿನಗಳೊಳಗೆ ಹೂಡಬೇಕು. ಅಂದರೆ ಮಾಲೀಕರಿಗೆ ಖಚಿತವಾಗಿ ದೊರೆಯುವ ಕಾಲಾವಕಾಶ ಎರಡು ವಾರ ಮಾತ್ರ. ರಾಜಿ ಸಂಧಾನ ನಡೆಯುವಾಗ ಮತ್ತು ಅದು ಮುಗಿದ 7 ದಿನಗಳವರೆಗೆ, ನ್ಯಾಯಮಂಡಳಿಯ ವಿಚಾರಣೆಯ ಕಾಲದಲ್ಲಿ ಮತ್ತು ಆ ಬಳಿಕ 60 ದಿನಗಳವರೆಗೆ ಮುಷ್ಕರಕ್ಕೆ ನಿಷೇಧವಿದೆ. ಶೇಕಡಾ 50 ಅಥವಾ ಹೆಚ್ಚು ಕಾರ್ಮಿಕರು ಒಗ್ಗೂಡಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ.

ನೋಟೀಸು ಪಡೆದ ಮಾಲೀಕರು ಐದು ದಿನಗಳೊಳಗೆ ಸರ್ಕಾರಕ್ಕೂ ರಾಜಿ ಸಂಧಾನಾಧಿಕಾರಿಗೂ ವರದಿ ಮಾಡಬೇಕು. ಸಂಧಾನ ಆರಂಭವಾಯಿತೆಂದು ಪರಿಗಣಿಸುವುದು ಅಧಿಕಾರಿಯ ಮೊದಲ ಸಭೆಯ ದಿನದಿಂದ. ಆದುದರಿಂದ ವರದಿ ತಡಮಾಡಿದರೆ ಮಾಲೀಕರಿಗೇ ನಷ್ಟ.

ಮಾಲೀಕರ ಕೈಗೂ ಕಟ್ಟುಗಳಿವೆ. ಲಾಕೌಟ್‌ಗೂ ಇದೇ ನೋಟೀಸಿನ ನಿಯಮ. ಅಕ್ರಮ ಮುಷ್ಕರಕ್ಕೆ ಪ್ರತಿಯಾಗಿ ಹೂಡಿದ ಲಾಕೌಟ್ ಮಾತ್ರ ಅಕ್ರಮವೆನಿಸದು. ಅಕ್ರಮ ಮುಷ್ಕರಕ್ಕೆ ಕಾರ್ಮಿಕರಿಗೆ ರೂ. 1,000ದಿಂದ 10,000ದವರೆಗೆ ದಂಡವಾದರೆ, ಅಕ್ರಮ ಲಾಕೌಟ್‌ಗೆ ಮಾಲೀಕರಿಗೆ ರೂ. 50,000ದಿಂದ ಒಂದು ಲಕ್ಷದವರೆಗೆ ದಂಡ. ಇಬ್ಬರಿಗೂ ಒಂದು ತಿಂಗಳವರೆಗಿನ ಸೆರೆವಾಸವನ್ನೂ ವಿಧಿಸಬಹುದು.

ವೇತನ ಮತ್ತು ವಜಾ

ಮುಷ್ಕರದ ದಿನಗಳ ವೇತನವನ್ನು ಕೊಡಬೇಕೇ? ಮುಷ್ಕರವು ಕಾನೂನುಬದ್ಧವೂ ನ್ಯಾಯಸಮ್ಮತವೂ ಆಗಿದ್ದರೆ ಮಾತ್ರ ವೇತನಕ್ಕೆ ಅರ್ಹತೆಯುಂಟೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಎರಡರಲ್ಲಿ ಒಂದು ತಪ್ಪಿದರೂ ವೇತನವಿಲ್ಲ. ಇದಲ್ಲದೆ, ಹತ್ತು ಅಥವಾ ಹೆಚ್ಚು ಮಂದಿ ಒಗ್ಗೂಡಿ, ನೇಮಕದ ಕರಾರಿನಲ್ಲಿ ಹೇಳಿದ ನೋಟೀಸು ಕೊಡದೆ, ಸಕಾರಣವೂ ಇಲ್ಲದೆ ಗೈರುಹಾಜರಾದರೆ, ಕರಾರಿನ ಷರತ್ತಿನಂತೆ ಎಂಟು ದಿನಗಳವರೆಗಿನ ವೇತನ ಕಡಿತಕ್ಕೆ ವೇತನ ಸಂಹಿತೆಯಲ್ಲಿ ಅವಕಾಶವಿದೆ. ನೇಮಕಾತಿ ಪತ್ರವನ್ನೇ ಕೊಡದ ಮಾಲೀಕರಿಗೆ ಈ ಷರತ್ತನ್ನು ರುಜುವಾತುಪಡಿಸುವುದು ಕಷ್ಟ.

ಇನ್ನು ವಜಾ. ಅಕ್ರಮ ಮುಷ್ಕರದಲ್ಲಿ ಭಾಗವಹಿಸಿದ ಮಾತ್ರಕ್ಕೆ ಎಲ್ಲರನ್ನೂ ಸಾರಾಸಗಟಾಗಿ ಕೆಲಸದಿಂದ ತೆಗೆಯಲಾಗದು; ಪ್ರತಿಯೊಬ್ಬರ ವೈಯಕ್ತಿಕ ದೋಷ ಸಾಬೀತಾಗಬೇಕೆಂದು 1979ರ ಗುಜರಾತ್ ಸ್ಟೀಲ್ ಟ್ಯೂಬ್ಸ್ ಪ್ರಕರಣದ ತೀರ್ಪು ಹೇಳುತ್ತದೆ. ಕೋಪದ ಭರದಲ್ಲಿ ಬರೆದ ಸಾಮೂಹಿಕ ವಜಾ ಆದೇಶವು ವರ್ಷಗಳ ನಂತರ ಹಿಂಬಾಕಿ ವೇತನದ ಹೊರೆಯಾಗಿ ತಿರುಗಿ ಬರಬಹುದು.

ನಮ್ಮ ರಾಜ್ಯದ ಎರಡು ಘಟನೆಗಳು

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರ ವಂತಿಗೆಯ ಭಾಗವನ್ನು 58 ವರ್ಷ ತುಂಬುವವರೆಗೆ ಹಿಂಪಡೆಯದಂತೆ ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ಹೊರಡಿಸಿದ್ದ ಅಧಿಸೂಚನೆಯೇ ಇದಕ್ಕೆ ಕಾರಣ. ಏಪ್ರಿಲ್ 19ರಂದು ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅಸಮಾಧಾನ ಮಾಲೀಕರ ಮೇಲಿರಲಿಲ್ಲ. ಆದರೂ ಯಂತ್ರಗಳು ನಿಂತದ್ದು ಅವರ ಕಾರ್ಖಾನೆಗಳಲ್ಲೇ. ತಮ್ಮ ಉಳಿತಾಯಕ್ಕೆ ಏನಾಗುತ್ತಿದೆಯೆಂದು ಕಾರ್ಮಿಕರಿಗೆ ಕಾಲಕಾಲಕ್ಕೆ ತಿಳಿಸುವುದೂ ಆಡಳಿತದ ಕೆಲಸವೇ ಎಂಬುದು ಇದರ ಪಾಠ.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದದ್ದು ಮುಷ್ಕರವಲ್ಲ, ದಾಂಧಲೆ. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಪಾವತಿಯಾಗಿರಲಿಲ್ಲವೆಂದು ಸಂಸ್ಥೆಯೇ ಅನಂತರ ಒಪ್ಪಿಕೊಂಡಿತು. ಅಷ್ಟು ದೊಡ್ಡ ಸಂಸ್ಥೆಯಲ್ಲಿಯೂ ಬೆಂಕಿಗೆ ಮೊದಲ ಕಿಡಿ ಬಿದ್ದದ್ದು ಸಂಬಳದ ಲೆಕ್ಕದಲ್ಲಿ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಕಡ್ಡಾಯ. ಮಾಲೀಕ-ಕಾರ್ಮಿಕ ಪ್ರತಿನಿಧಿಗಳು ಅದರಲ್ಲಿ ಸಮಸಂಖ್ಯೆಯಲ್ಲಿರಬೇಕು. ಅದನ್ನು ಕಾಗದದ ಮೇಲಷ್ಟೇ ರಚಿಸದೆ ತಿಂಗಳಿಗೊಮ್ಮೆ ಸಭೆ ಸೇರಿಸಿ, ನಡಾವಳಿ ಬರೆದಿಡುವುದು ಒಳ್ಳೆಯದು. ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಪಾವತಿಸಬೇಕು. ಓವರ್‌ಟೈಮ್‌ಗೆ ದುಪ್ಪಟ್ಟು ದರ ಸಲ್ಲಬೇಕು. ಹಾಜರಿ ಪುಸ್ತಕ, ವೇತನ ಪಟ್ಟಿ ಮತ್ತು ಭವಿಷ್ಯ ನಿಧಿಯ ಚಲನ್ ಒಂದಕ್ಕೊಂದು ತಾಳೆಯಾಗಬೇಕು.

ನೋಟೀಸು ಬಂದ ದಿನ ವಕೀಲರಿಗೆ ದೂರವಾಣಿ ಮಾಡುವುದು ಸರಿಯೇ. ಆದರೆ ಅದಕ್ಕೂ ಮುನ್ನ ಈ ಮೂರು ದಾಖಲೆಗಳನ್ನು ಮೇಜಿನ ಮೇಲಿಟ್ಟು, ಬೇಡಿಕೆಗಳಲ್ಲಿ ಯಾವುದು ಹೊಸತು, ಯಾವುದು ನಾವೇ ಉಳಿಸಿಕೊಂಡ ಬಾಕಿ ಎಂದು ವಿಂಗಡಿಸಿಕೊಳ್ಳಬೇಕು. ಹೊಸ ಬೇಡಿಕೆಯ ಬಗ್ಗೆ ಚೌಕಾಸಿ ಮಾಡಬಹುದು. ಬಾಕಿಯ ಬಗ್ಗೆ ಚೌಕಾಸಿ ಸಲ್ಲದು. ಅದನ್ನು ಸಂಧಾನದ ಮೊದಲ ಸಭೆಗೆ ಮುನ್ನವೇ ತೀರಿಸಿಬಿಟ್ಟರೆ ಮಾತುಕತೆಯ ಅರ್ಧ ದಾರಿ ಕ್ರಮಿಸಿದಂತೆ.